ಬೊಂಬಾಯಿ ಫೋಟೋದ ಕೋಟು



ಕಳೆದ ಡಿಸೆಂಬರ್ ತಿಂಗಳ ಒಂದು ಸಂಜೆ ಅಕ್ಕನ ಮೊಮ್ಮಗಳೊಂದಿಗೆ ಕಾಪು ಕಡಲತೀರಕ್ಕೆ ಹೋಗಿದ್ದೆ. ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭ, ಅದರಾಚೆ ಇಳಿಯುತ್ತಿದ್ದ ಸೂರ್ಯ. ಬಾಲ್ಯದಿಂದ ನೋಡಿದ ದೃಶ್ಯವಾದರೂ ಇನ್ನೂ ಸಾಕೆನಿಸಿಲ್ಲ. ಆದರೆ ಆ ದಿನ ನನ್ನ ಗಮನ ಸೆಳೆದದ್ದು ಬೇರೆಯೇ ಸಂಗತಿ. ತೀರದಲ್ಲಿ ನೆರೆದಿದ್ದವರಲ್ಲಿ ಅನೇಕರು ಸೂರ್ಯನಿಗೂ ಕಡಲಿಗೂ ಬೆನ್ನು ಹಾಕಿ ನಿಂತಿದ್ದರು. ಕೈ ನೀಡಿ ಹಿಡಿದ ತಮ್ಮ ಫೋನನ್ನು ನೋಡಿ ನಗುತ್ತಿದ್ದರು. ಫೋಟೋ ಮುಗಿದೊಡನೆ ನಗುವೂ ಮುಗಿಯುತ್ತಿತ್ತು.

"ಅಜ್ಜ, ನೀವು ಸ್ವಲ್ಪ ಬದಿಗೆ ನಿಲ್ಲಿ, ಫೋಟೋಕ್ಕೆ ಅಡ್ಡ ಬರ್ತೀರಿ" ಎಂದಳು ಮೊಮ್ಮಗಳು. (ಅವಳು ಹೇಳಿದ್ದು ತುಳುವಿನಲ್ಲಿ.) ನಾನು ಬದಿಗೆ ಸರಿದೆ. ನಲವತ್ತಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದು, ಅವುಗಳಲ್ಲಿ ಒಂದನ್ನು ಆರಿಸಿ ಇನ್‌ಸ್ಟಾಗ್ರಾಮಿಗೆ ಹಾಕಿದಳು. ಅಲೆವೂರಿಗೆ ಹಿಂದಿರುಗುವ ದಾರಿಯುದ್ದಕ್ಕೂ ಐದು ನಿಮಿಷಕ್ಕೊಮ್ಮೆ ಫೋನ್ ತೆರೆದು ನೋಡುತ್ತಿದ್ದಳು. ರಾತ್ರಿ ಊಟಕ್ಕೆ ಕುಳಿತಾಗ ಮುಖ ಬಾಡಿತ್ತು. ವಿಚಾರಿಸಿದರೆ, ಗೆಳತಿಯ ಚಿತ್ರವನ್ನು ಮುನ್ನೂರು ಮಂದಿ ಮೆಚ್ಚಿದ್ದಾರೆ, ತನ್ನದನ್ನು ಅರುವತ್ತೆರಡು ಮಂದಿ ಮಾತ್ರ ಎಂದಳು. "ಅರುವತ್ತೆರಡು ಜನ ಮೆಚ್ಚಿದ್ದು ಕಡಿಮೆಯಾ ಮಗಾ?" ಎಂದು ಕೇಳಿದೆ. ಏನೂ ತಿಳಿಯದ ಹಳೆಯ ಮನುಷ್ಯನನ್ನು ನೋಡುವಂತೆ ನನ್ನನ್ನು ನೋಡಿದಳು.

ಈ ಕಾಲದ ಮಕ್ಕಳಿಗೆ ಪ್ರದರ್ಶನದ ಹುಚ್ಚು ಹಿಡಿದಿದೆ ಎಂದು ಬರೆದು ಲೇಖನ ಮುಗಿಸುವುದು ಸುಲಭ. ನನ್ನ ವಯಸ್ಸಿನವರು ಮದುವೆ ಮನೆಯಲ್ಲಿ ಸೇರಿದಾಗ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಆದರೆ ಮೂರು ದಶಕಗಳ ಕಾಲ ಇತಿಹಾಸ ಪಾಠ ಮಾಡಿದ ನನಗೆ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ನಾನು ನಿಮಗೆ ಪಾಠ ಮಾಡಿದ ಶಾಸನಗಳಲ್ಲಿ ಹಲವು ಏನಾಗಿದ್ದವು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ.

ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಕ್ರಿ.ಶ. 634ರ ಶಾಸನವೊಂದಿದೆ. ಅದನ್ನು ರಚಿಸಿದ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಒಂದರ ಹಿಂದೆ ಒಂದಾಗಿ ಪೋಣಿಸುತ್ತಾನೆ. ಉತ್ತರಾಪಥದ ಹರ್ಷವರ್ಧನನನ್ನು ತಡೆದ ಕಥೆಯೂ ಅದರಲ್ಲಿದೆ. ಅರಸನನ್ನು ಹೊಗಳಿ ಮುಗಿಸಿದ ಮೇಲೆ ಕವಿ ತನ್ನನ್ನೂ ಮರೆಯುವುದಿಲ್ಲ. ಕಾಳಿದಾಸ, ಭಾರವಿಯರ ಕೀರ್ತಿಗೆ ತಾನು ಸಮಾನ ಎಂದು ಕಲ್ಲಿನಲ್ಲಿಯೇ ಕೊರೆಸಿಬಿಟ್ಟಿದ್ದಾನೆ. ಇಂತಹ ಶಾಸನಕ್ಕೆ ಹೆಸರು 'ಪ್ರಶಸ್ತಿ'. ಇದಾಗಿ ಎಂಟೇ ವರ್ಷಗಳಲ್ಲಿ, ಸುಮಾರು 642ರಲ್ಲಿ, ಪಲ್ಲವ ನರಸಿಂಹವರ್ಮನು ಬಾದಾಮಿಯನ್ನೇ ವಶಪಡಿಸಿಕೊಂಡು ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನವನ್ನು ಕೆತ್ತಿಸಿದ. ಸೋತ ಕಥೆಯನ್ನು ಗೆದ್ದವನು ಬರೆಯಬೇಕಾಯಿತು, ಏಕೆಂದರೆ ತನ್ನ ಸೋಲನ್ನು ತಾನೇ ಕಲ್ಲಿನಲ್ಲಿ ಕೊರೆಸುವ ಅರಸ ಬಹಳ ಅಪರೂಪ. "ಶಾಸನ ಏನು ಹೇಳುತ್ತದೆ ಎಂಬುದನ್ನು ಓದಿದ ಮೇಲೆ, ಏನನ್ನು ಹೇಳದೆ ಬಿಟ್ಟಿದೆ ಎಂಬುದನ್ನೂ ಕೇಳಿ" ಎಂದು ತರಗತಿಯಲ್ಲಿ ನಾನು ಪದೇಪದೇ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ನಮ್ಮ ಕಾರ್ಕಳದ ಗೊಮ್ಮಟನನ್ನೇ ನೋಡಿ. 1432ರಲ್ಲಿ ಅದನ್ನು ಪ್ರತಿಷ್ಠೆ ಮಾಡಿಸಿದ ವೀರಪಾಂಡ್ಯನು ಮೂರ್ತಿಯ ಪಕ್ಕದಲ್ಲಿಯೇ ತನ್ನ ಹೆಸರಿನ ಶಾಸನ ಹಾಕಿಸಿದ್ದಾನೆ. ಎಲ್ಲವನ್ನೂ, ಉಟ್ಟ ಬಟ್ಟೆಯನ್ನೂ ತ್ಯಜಿಸಿ ನಿಂತ ಬಾಹುಬಲಿಯ ಪಕ್ಕದಲ್ಲಿ ನಿಲ್ಲಿಸಿದವನ ಹೆಸರು! ಶ್ರವಣಬೆಳಗೊಳದಲ್ಲಿಯೂ ಹಾಗೆಯೇ; ಮಾಡಿಸಿದವನು ಚಾವುಂಡರಾಯ ಎಂದು ಪಾದದ ಬಳಿ ಬರೆದಿದೆ. ಆದರೆ ಅಲ್ಲಿನ ಜನ ಈ ಹೆಮ್ಮೆಗೊಂದು ಉತ್ತರವನ್ನೂ ಕಥೆಯಾಗಿ ಉಳಿಸಿಕೊಂಡಿದ್ದಾರೆ. ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಮೂರ್ತಿಯ ಸೊಂಟದಿಂದ ಕೆಳಗಿಳಿಯಲಿಲ್ಲವಂತೆ. ಗುಳ್ಳದ ಕಾಯಿಯಷ್ಟು ಹಾಲು ತಂದ ಮುದುಕಿಯೊಬ್ಬಳು ಎರೆದಾಗ ಅದು ಪಾದದವರೆಗೂ ಹರಿಯಿತಂತೆ. ಆ ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ಗೊಮ್ಮಟನ ಎದುರಿನಲ್ಲಿದೆ.

ಅರಸರ ಮಾತು ಬಿಡಿ. ಬಾರ್ಕೂರಿನಂತಹ ಹಳೆಯ ಊರುಗಳಲ್ಲಿ ಕಾಣುವ ವೀರಗಲ್ಲುಗಳು ನಾಡಿನಾದ್ಯಂತ ಸಾವಿರಗಟ್ಟಲೆ ಇವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರರು. ಸೂರ್ಯ ಚಂದ್ರರಿರುವಷ್ಟು ಕಾಲ ಇವನ ಹೆಸರು ಉಳಿಯಲಿ ಎಂಬ ಆಶಯ. ನಾಯಿಯ ಚಿತ್ರ ಹಾಕುವವರನ್ನು ಕಂಡು ನಗುವವರಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ತೋರಿಸಬೇಕು. ಸುಮಾರು ಕ್ರಿ.ಶ. 949ರಲ್ಲಿ ಮಣಲೆರನೆಂಬ ಯೋಧನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿ, ನಾಯಿ ಹಂದಿಗಳ ಕಾದಾಟವನ್ನು ಕೆತ್ತಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನನಗೆ ತುಂಬ ಪ್ರಿಯವಾದ ಶಾಸನವದು.

ಕಾಣಿಸಿಕೊಳ್ಳುವ ಆಸೆ ಹಳತು. ಅದಕ್ಕೆ ಬೇಕಾದ ಕಲ್ಲು, ಕಲ್ಕುಟಿಗ, ಕವಿ ಕೆಲವರಿಗೆ ಮಾತ್ರ ದೊರೆಯುತ್ತಿದ್ದರು. 1839ರಲ್ಲಿ ಫ್ರಾನ್ಸಿನಲ್ಲಿ ಛಾಯಾಗ್ರಹಣದ ವಿಧಾನವನ್ನು ಲೋಕಕ್ಕೆ ಪ್ರಕಟಿಸಿದಾಗ ಈ ಲೆಕ್ಕ ಬದಲಾಗತೊಡಗಿತು. ಆದರೂ ನಮ್ಮ ಹಳ್ಳಿಮನೆಗಳ ಚಾವಡಿಗೆ ಫೋಟೋ ಬಂದದ್ದು ಬಹಳ ತಡವಾಗಿ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಹಿರಿಯರನ್ನು ನಾನೇ ಕಂಡಿದ್ದೇನೆ. ಬದುಕಿದ್ದಾಗ ಒಂದೂ ಚಿತ್ರ ತೆಗೆಸದ ನನ್ನ ಅಜ್ಜನ ಮುಖ ಹೇಗಿತ್ತೆಂಬುದು ನನಗೆ ತಿಳಿಯದು.

ನಮ್ಮ ಚಾವಡಿಯ ಗೋಡೆಗೆ ಬಂದ ಮೊದಲ ಫೋಟೋ ಸೋದರಮಾವನದು. 1967ರಲ್ಲಿ ಬೊಂಬಾಯಿಯಿಂದ ರಟ್ಟಿನ ನಡುವೆ ಇಟ್ಟು ಅಂಚೆಯಲ್ಲಿ ಬಂತು. ನನಗಾಗ ಏಳು ವರ್ಷ. ಮಾವ ಕಪ್ಪು ಕೋಟು ಧರಿಸಿ, ಟೈ ಕಟ್ಟಿ, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಪಕ್ಕದಲ್ಲಿ ಎತ್ತರದ ಮೇಜು, ಅದರ ಮೇಲೆ ಹೂದಾನಿ. ಎಡಗೈಯಲ್ಲಿ ಗಡಿಯಾರ, ಬಲಗೈಯಲ್ಲಿ ಟೆಲಿಫೋನಿನ ರಿಸೀವರ್. ಹಿಂದೆ ದೊಡ್ಡ ಬಂಗಲೆಯ ಮೆಟ್ಟಿಲುಗಳು. ಟೆಲಿಫೋನನ್ನು ಕಣ್ಣಾರೆ ಕಂಡಿರದ ನಮಗೆ ಅದು ದೇವರ ಪಟಕ್ಕಿಂತ ಹೆಚ್ಚಿನ ಅದ್ಭುತವಾಗಿತ್ತು.

ಅಜ್ಜಿ ಅದಕ್ಕೆ ಚೌಕಟ್ಟು ಹಾಕಿಸಿ, ಬಂದವರು ಕುಳಿತ ಕೂಡಲೇ ಕಣ್ಣಿಗೆ ಬೀಳುವ ಜಾಗದಲ್ಲಿ ತೂಗುಹಾಕಿಸಿದರು. ಬಂದವರಿಗೆ ಬೆಲ್ಲ ನೀರು ಕೊಡುವುದು, ಅನಂತರ ಫೋಟೋ ತೋರಿಸುವುದು. "ಅವನಿಗೆ ಅಲ್ಲಿ ಫೋನಿನಲ್ಲಿಯೇ ಕೆಲಸವಂತೆ" ಎಂದು ಒಮ್ಮೆ ಯಾರಿಗೋ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಯಾರೂ ಅವರಿಗೆ ಹಾಗೆಂದು ತಿಳಿಸಿರಲಿಲ್ಲ. ಫೋಟೋ ನೋಡಿ ಅವರೇ ಮಾಡಿಕೊಂಡ ಊಹೆ.

ಮುಂದಿನ ವರ್ಷ ಕುಟುಂಬದ ಮನೆಯಲ್ಲಿ ನೇಮ. ವಂತಿಗೆಯ ಮಾತು ಬಂದಾಗ ಎಲ್ಲರ ಕಣ್ಣೂ ಗೋಡೆಯ ಕಡೆ ಹೋಯಿತು. ಮಗನ ಹೆಸರಿನಲ್ಲಿ ಅಜ್ಜಿ ಉಳಿದವರಿಗಿಂತ ದೊಡ್ಡ ಪಾಲನ್ನು ಒಪ್ಪಿಕೊಂಡರು. ಮನಿಯಾರ್ಡರ್ ಬಂತು, ಮಾವ ಮಾತ್ರ ನೇಮಕ್ಕೆ ಬರಲಿಲ್ಲ, ಅದರ ಮುಂದಿನ ಎರಡು ವರ್ಷವೂ ಬರಲಿಲ್ಲ. ದೊಡ್ಡ ಕೆಲಸದಲ್ಲಿರುವವರಿಗೆ ರಜೆ ಸಿಗುವುದಿಲ್ಲ ಎಂದು ನಾವೆಲ್ಲ ತಿಳಿದೆವು.

1989ರಲ್ಲಿ ಮಾವ ಊರಿಗೆ ಬಂದು ನೆಲೆಸಿದರು. ಅಜ್ಜಿ ಆಗ ಇರಲಿಲ್ಲ. ಒಂದು ಮಳೆಗಾಲದ ಮಧ್ಯಾಹ್ನ ಚಾವಡಿಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿದ್ದಾಗ, ಆ ಫೋಟೋ ತೆಗೆಸಿದ ದಿನದ ಬಗ್ಗೆ ಕೇಳಿದೆ. ಬಹಳ ಹೊತ್ತು ನಕ್ಕರು. ಕೋಟು ಸ್ಟುಡಿಯೋದ್ದು. ಬಂದವರಿಗೆಲ್ಲ ಅದೊಂದೇ ಕೋಟು. ದಪ್ಪ ಇರುವವರಿಗೆ ಗುಂಡಿ ಹಾಕದೆ, ಸಪೂರದವರಿಗೆ ಬೆನ್ನಿನ ಹಿಂದೆ ಪಿನ್ನು ಚುಚ್ಚಿ ತೊಡಿಸುತ್ತಿದ್ದರಂತೆ. ಮೆಟ್ಟಿಲು ಪರದೆಯ ಮೇಲಿನ ಚಿತ್ರ. ಟೆಲಿಫೋನಿಗೆ ತಂತಿಯೇ ಇರಲಿಲ್ಲ. ಗಡಿಯಾರ ಮಾತ್ರ ನಿಜವಾದದ್ದು, ಜತೆಗಿದ್ದ ಗೆಳೆಯನದು. ಮಾವ ಹನ್ನೆರಡನೆಯ ವಯಸ್ಸಿನಲ್ಲಿ ಬೊಂಬಾಯಿಯ ಫೋರ್ಟ್ ಭಾಗದ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿದವರು; ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಫೋಟೋ ತೆಗೆಸುವ ಹೊತ್ತಿಗೆ ಟೇಬಲಿಗೆ ತಿಂಡಿ ಕೊಡುವ ಕೆಲಸಕ್ಕೆ ಬಂದಿದ್ದರು. ಮಲಗುತ್ತಿದ್ದದ್ದು ಅದೇ ಹೋಟೆಲಿನಲ್ಲಿ, ಕುರ್ಚಿಗಳನ್ನು ಮೇಜಿನ ಮೇಲೆತ್ತಿದ ಮೇಲೆ ಉಳಿಯುವ ನೆಲದಲ್ಲಿ. ನೇಮದ ಹಣಕ್ಕೆ ಸಾಲ ಮಾಡಿದ್ದರು. "ಸ್ಟುಡಿಯೋದವನಿಗೆ ಕೊಟ್ಟದ್ದು ಸಣ್ಣ ದುಡ್ಡು. ಆ ಫೋಟೋದ ಬಡ್ಡಿಯನ್ನು ಮೂರು ವರ್ಷ ಕಟ್ಟಿದೆ" ಎಂದರು.

"ಹಾಗಾದರೆ ಯಾಕೆ ಕಳುಹಿಸಿದಿರಿ ಮಾವ?" ಎಂದು ಕೇಳಿದೆ.

ಎಲೆಯ ತೊಟ್ಟು ಮುರಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ರಾತ್ರಿ ನಿದ್ದೆ ಮಾಡಲಿ ಅಂತ" ಎಂದರು.

ಬಿ.ಎಡ್. ಓದುವಾಗ ನಮಗೆ ಮನಃಶಾಸ್ತ್ರದ ಪತ್ರಿಕೆಯಿತ್ತು. ಮನುಷ್ಯ ತನ್ನ ಬೆಲೆಯನ್ನು ಸುತ್ತಲಿನವರೊಡನೆ ಹೋಲಿಸಿ ತಿಳಿಯುತ್ತಾನೆಂದು ಅಮೆರಿಕದ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಪ್ರತಿಪಾದಿಸಿದ. ಸಿರಿವಂತರು ವಸ್ತುಗಳನ್ನು ಕೊಳ್ಳುವುದರಲ್ಲಿ ಅದು ನಾಲ್ಕು ಜನರಿಗೆ ಕಾಣಬೇಕೆಂಬ ಉದ್ದೇಶವೂ ಇರುತ್ತದೆಂದು ಥಾರ್ಸ್ಟೈನ್ ವೆಬ್ಲೆನ್ 1899ರಲ್ಲಿಯೇ ಬರೆದ. ಎರಡೂ ಒಪ್ಪತಕ್ಕ ಮಾತುಗಳೇ. ಆದರೆ ತಾಯಿಯ ನಿದ್ದೆಗಾಗಿ ಎರವಲು ಕೋಟು ತೊಟ್ಟವನನ್ನು ಅವುಗಳಲ್ಲಿ ಎಲ್ಲಿ ಕೂರಿಸಬೇಕೆಂದು ನನಗೆ ಇಂದಿಗೂ ಹೊಳೆದಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಇಂತಹ ಫೋಟೋಗಳಿದ್ದವು. ಮೊದಲು ಬೊಂಬಾಯಿಯಿಂದ, 1970ರ ದಶಕದ ಅನಂತರ ಗಲ್ಫ್ ದೇಶಗಳಿಂದ. ಯಾರದೋ ಕಾರಿಗೆ ಒರಗಿ ನಿಂತವರು, ಯಾರದೋ ಸೋಫಾದ ಮೇಲೆ ಕುಳಿತವರು. ಅವುಗಳಲ್ಲಿ ಜಂಭ ಎಷ್ಟು, "ನಾನು ಚೆನ್ನಾಗಿದ್ದೇನೆ, ಚಿಂತಿಸಬೇಡಿ" ಎಂಬ ಸಮಾಧಾನ ಎಷ್ಟು ಎಂದು ತೂಗಿ ಹೇಳಬಲ್ಲವರು ಯಾರು?

ಹಾಗೆಂದು ಆ ಫೋಟೋ ನಿರಪಾಯವಾಗಿತ್ತೆಂದೂ ಹೇಳಲಾರೆ. ನನ್ನ ಸಹಪಾಠಿಯೊಬ್ಬ, ಲೆಕ್ಕದಲ್ಲಿ ನನಗಿಂತ ಬಹಳ ಮುಂದಿದ್ದವನು, 1974ರಲ್ಲಿ ಒಂಬತ್ತನೆಯ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟು ಮಾವನ ವಿಳಾಸ ಹಿಡಿದು ಬೊಂಬಾಯಿಗೆ ಹೋದ. ಕೋಟು ಹಾಕುವ ಕೆಲಸ ಕೊಡಿಸುತ್ತಾರೆಂದು ನಂಬಿದ್ದ. ಮಾವ ತಾವು ಮಲಗುತ್ತಿದ್ದ ನೆಲದಲ್ಲಿ ಅವನಿಗೂ ಜಾಗ ಮಾಡಿಕೊಟ್ಟರು. ಕೊಡಲು ಅವರ ಬಳಿ ಬೇರೇನೂ ಇರಲಿಲ್ಲ. ಈಗ ಅವನಿಗೆ ಸ್ವಂತ ಹೋಟೆಲಿದೆ, ಮಕ್ಕಳು ಓದಿ ಉದ್ಯೋಗದಲ್ಲಿದ್ದಾರೆ. ಊರಿಗೆ ಬಂದಾಗಲೆಲ್ಲ ನಮ್ಮ ಚಾವಡಿಗೆ ಬಂದು ಆ ಫೋಟೋದ ಎದುರು ಒಂದು ನಿಮಿಷ ನಿಲ್ಲುತ್ತಾನೆ. "ಇದನ್ನು ನೋಡದೆ ಇದ್ದಿದ್ದರೆ ಎಸ್ಸೆಸ್ಸೆಲ್ಸಿ ಮುಗಿಸ್ತಿದ್ದೆ ಮಾರಾಯ" ಎಂದು ಒಮ್ಮೆ ಹೇಳಿದ. ತಮಾಷೆಗೆ ಹೇಳಿದನೋ ಬೇಸರದಿಂದಲೋ, ಮುಖ ನೋಡಿದರೂ ಗೊತ್ತಾಗಲಿಲ್ಲ.

ಪ್ರದರ್ಶನದ ಇತರ ಬಗೆಗಳನ್ನು ನೀವೆಲ್ಲ ಬಲ್ಲಿರಿ. ಮದುವೆಯ ಉಡುಗೊರೆಯ ಸ್ಟೀಲು ಪಾತ್ರೆಯ ಮೇಲೆ ಕೊಟ್ಟವರ ಹೆಸರು, ದೇವಸ್ಥಾನದ ಟ್ಯೂಬ್‌ಲೈಟಿನ ಬೆಳಕನ್ನೇ ಮರೆಮಾಡುವಷ್ಟು ದೊಡ್ಡ ಅಕ್ಷರಗಳಲ್ಲಿ ದಾನಿಗಳ ಹೆಸರು, ಪರ್ಯಾಯದ ಸಮಯದಲ್ಲಿ ಉಡುಪಿಯ ರಸ್ತೆಗಳ ಇಕ್ಕೆಲದಲ್ಲಿ ಕೈಮುಗಿದು ನಿಂತ ಫಲಕಗಳು. ಇವನ್ನು ವಿಸ್ತರಿಸಬೇಕಾಗಿಲ್ಲ.

ಆದರೆ ನಾನೇ ಮಾಡಿದ ಒಂದು ಕೆಲಸವನ್ನು ಹೇಳಲೇಬೇಕು. ಶಾಲೆಯಲ್ಲಿ ಪ್ರತಿ ಪರೀಕ್ಷೆಯ ಅನಂತರ ಮೊದಲ ಹತ್ತು ಸ್ಥಾನ ಪಡೆದವರ ಹೆಸರನ್ನು ಅಂಕಗಳ ಸಮೇತ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಪ್ರವೇಶದ್ವಾರದ ಬಳಿ ಇಡುತ್ತಿದ್ದವನು ನಾನು. ನನ್ನ ಅಕ್ಷರ ಚೆನ್ನಾಗಿದ್ದುದರಿಂದ ಆ ಕೆಲಸ ನನಗೇ ಬಂದಿತ್ತು, ಅದರಲ್ಲಿ ನನಗೆ ಹೆಮ್ಮೆಯೂ ಇತ್ತು. ಉಳಿದವರಿಗೆ ಸ್ಫೂರ್ತಿಯಾಗಲಿ ಎಂಬುದು ಉದ್ದೇಶ. ನಿವೃತ್ತಿಯ ಅನಂತರ ಒಂದು ಮದುವೆಯಲ್ಲಿ ಸಿಕ್ಕಿದ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಸರ್, ಆ ಬೋರ್ಡು ನೋಡಬೇಕಾಗ್ತದೆ ಅಂತ ನಾನು ಮೂರು ವರ್ಷ ಹಿಂದಿನ ಗೇಟಿನಿಂದ ಬರ್ತಿದ್ದೆ" ಎಂದಳು. ಹಿಂದಿನ ಗೇಟಿನಿಂದ ಬಂದರೆ ಗದ್ದೆಯ ಬದುವಿನಲ್ಲಿ ಸುತ್ತಿ ಬರಬೇಕಿತ್ತು. ಮಳೆಗಾಲದಲ್ಲಿ ಅವಳ ಲಂಗದ ಅಂಚು ಯಾವಾಗಲೂ ಕೆಸರಾಗಿರುತ್ತಿದ್ದುದಕ್ಕೆ ನಾನೇ ಬೈದದ್ದು ಆಗ ನೆನಪಾಯಿತು. ಕ್ಷಮೆ ಕೇಳಲು ಮಾತು ಹೊಳೆಯಲಿಲ್ಲ. ಮೊಮ್ಮಗಳ ಅರುವತ್ತೆರಡನ್ನೂ ಮುನ್ನೂರನ್ನೂ ಕೇಳಿದಾಗ ನಾನು ಬರೆದ ಅಂಕಗಳೇ ಕಣ್ಣ ಮುಂದೆ ಬಂದವು.

ಈಗಿನ ವಿಷಯಕ್ಕೆ ಬರೋಣ. ಫೇಸ್‌ಬುಕ್ಕಿನಲ್ಲಿ ಮೆಚ್ಚುಗೆಯ ಗುಂಡಿ ಬಂದದ್ದು 2009ರಲ್ಲಿ, ಇನ್‌ಸ್ಟಾಗ್ರಾಮ್ ಆರಂಭವಾದದ್ದು 2010ರ ಅಕ್ಟೋಬರಿನಲ್ಲಿ. ಎರಡೇ ವರ್ಷಗಳಲ್ಲಿ ಅದನ್ನು ಫೇಸ್‌ಬುಕ್ ನೂರು ಕೋಟಿ ಡಾಲರಿಗೆ ಕೊಂಡುಕೊಂಡಿತು. 2016ರಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ ನಮ್ಮ ಹಳ್ಳಿಗಳ ಕೈಗೂ ಅದು ತಲುಪಿತು. ನಾವು ಎಷ್ಟು ಹೊತ್ತು ನೋಡುತ್ತೇವೋ ಅಷ್ಟು ಜಾಹೀರಾತು, ಅಷ್ಟು ಆದಾಯ. ಹಾಗಾಗಿ ನಮ್ಮನ್ನು ಮತ್ತೆ ಮತ್ತೆ ತೆರೆಸುವುದೇ ಆ ಯಂತ್ರದ ಕೆಲಸ. ಮೆಚ್ಚುಗೆಯ ಸಂಖ್ಯೆಯಿಂದ ಮನಸ್ಸಿಗೆ ನೋವಾಗುತ್ತದೆಂಬ ಮಾತು ಕೇಳಿಬಂದು, ಬೇಕಾದವರು ಅದನ್ನು ಮರೆಮಾಡಬಹುದೆಂಬ ವ್ಯವಸ್ಥೆಯನ್ನು 2021ರಲ್ಲಿ ಕಂಪೆನಿಯವರೇ ತಂದರು. ಮೊಮ್ಮಗಳಿಗೆ ಅದು ಗೊತ್ತಿದೆ. "ಮರೆಮಾಡಿದರೆ ಕಡಿಮೆ ಬಂದಿದೆ ಅಂತ ತಿಳ್ಕೊಳ್ತಾರೆ ಅಜ್ಜ" ಎನ್ನುತ್ತಾಳೆ. 'ಸ್ಟೋರಿ' ಎಂದು ಇನ್ನೊಂದಿದೆ, 2016ರಲ್ಲಿ ಬಂದದ್ದು; ಇಪ್ಪತ್ತನಾಲ್ಕು ಗಂಟೆ ಕಳೆದರೆ ತಾನಾಗಿ ಮಾಯವಾಗುತ್ತದೆ. ವೀರಗಲ್ಲಿನ ಸೂರ್ಯ ಚಂದ್ರರನ್ನು ಕೆತ್ತಿದವನಿಗೆ ಇದನ್ನು ವಿವರಿಸುವುದು ಕಷ್ಟವಾದೀತು.

ಹಳೆಯ ಫೋಟೋವನ್ನು ನೋಡಲು ಜನ ನಮ್ಮ ಚಾವಡಿಗೇ ಬರಬೇಕಿತ್ತು. ಬಂದವರು ಫೋಟೋದ ಜತೆಗೆ ಸೋರುವ ಮಾಡನ್ನೂ, ಅಜ್ಜಿಯ ಹರಿದ ಸೀರೆಯನ್ನೂ ಕಾಣುತ್ತಿದ್ದರು. ಆದ್ದರಿಂದ ನಂಬುವವರು ನಂಬಿದರೂ, ಒಳಗೊಳಗೇ ಕೋಟನ್ನು ಅಳೆದು ನೋಡುವವರೂ ಇದ್ದರು. ಈಗ ನಾವು ನಡುರಾತ್ರಿ ಹಾಸಿಗೆಯಲ್ಲಿ ಒಬ್ಬರೇ ಮಲಗಿ, ಬೇರೆಯವರ ಕೋಟುಗಳನ್ನು ಮಾತ್ರ ನೋಡುತ್ತೇವೆ, ಒಂದಾದ ಮೇಲೆ ಒಂದು, ನೂರಾರು. ಅವರ ಮನೆಯ ಮಾಡು ನಮಗೆ ಕಾಣುವುದಿಲ್ಲ. ಸೋರುವುದು ನಮ್ಮದೊಂದೇ ಎಂದು ತೋರುತ್ತದೆ.

ಎರಡು ವರ್ಷಗಳ ಹಿಂದೆ ಒಂದು ರಾತ್ರಿ ಗಲ್ಫಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂತು. (ಅವನ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ.) ಅವನ ಚಿತ್ರಗಳನ್ನು ನಾನೂ ನೋಡುತ್ತಿದ್ದೆ: ಆಕಾಶಕ್ಕೇರಿದ ಕಟ್ಟಡಗಳು, ಶುಕ್ರವಾರದ ಊಟ, ಮರುಭೂಮಿಯಲ್ಲಿ ಗೆಳೆಯರು. ನಾಲ್ಕು ತಿಂಗಳಿಂದ ಸಂಬಳ ಬಂದಿಲ್ಲ ಸರ್ ಎಂದ. ಊರಿನಲ್ಲಿ ತಂದೆ ಆ ಚಿತ್ರಗಳನ್ನೆಲ್ಲ ನೋಡಿ, ಮನೆಗೆ ತಾರಸಿ ಹಾಕಿಸಲು ಕಂತ್ರಾಟುದಾರನಿಗೆ ಮಾತು ಕೊಟ್ಟಿದ್ದಾರೆ. "ಹಾಗಾದರೆ ಚಿತ್ರ ಹಾಕುವುದನ್ನಾದರೂ ನಿಲ್ಲಿಸು" ಎಂದೆ. "ನಿಲ್ಲಿಸಿದರೆ ಅಮ್ಮನಿಗೆ ಸಂಶಯ ಬರ್ತದೆ ಸರ್, ನಿದ್ದೆ ಮಾಡುವುದಿಲ್ಲ" ಎಂದ.

ಫೋನ್ ಹಿಡಿದ ಕೈ ನಡುಗಿತು. ಐವತ್ತಾರು ವರ್ಷಗಳ ಅಂತರದಲ್ಲಿ ಅದೇ ಮಾತು. ಅವನಿಗೆ ಮಾವನ ಕಥೆಯನ್ನು ಪೂರ್ತಿಯಾಗಿ ಹೇಳಿದೆ. ಹೊರದೇಶದ ಕರೆ ಎಂಬುದನ್ನು ಮರೆತು ಬಹಳ ಹೊತ್ತು ಮಾತಾಡಿದೆ. ಮರುವಾರ ಅವನು ತಂದೆಗೆ ಇದ್ದುದನ್ನು ಇದ್ದ ಹಾಗೆ ತಿಳಿಸಿದ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಬಾರದಿತ್ತಾ, ಹಂಚೇ ಇರಲಿ" ಎಂದರಂತೆ. ಅವನೀಗ ಬೇರೊಂದು ಕಂಪೆನಿಯಲ್ಲಿದ್ದಾನೆ. ಚಿತ್ರಗಳನ್ನು ಈಗಲೂ ಹಾಕುತ್ತಾನೆ.

ಕಾಪುವಿನಿಂದ ಬಂದ ಮರುದಿನ ಬೆಳಿಗ್ಗೆ ಮೊಮ್ಮಗಳನ್ನು ಚಾವಡಿಯಲ್ಲಿ ನಿಲ್ಲಿಸಿ ಫೋಟೋವನ್ನು ಗೋಡೆಯಿಂದ ಇಳಿಸಿ ತೋರಿಸಿದೆ. ಗಾಜಿನ ಒಳಗೆ ಒಂದು ಮೂಲೆಗೆ ತೇವ ಹಿಡಿದಿದೆ. ಕೋಟು ಈಗ ಕಂದುಬಣ್ಣಕ್ಕೆ ತಿರುಗಿದೆ. ಐಹೊಳೆಯ ಶಾಸನವನ್ನು ನಿಮಗೆ ಓದಿಸಿದ ಹಾಗೆಯೇ ಅವಳಿಗೂ ಓದಿಸಿದೆ: ಇದರಲ್ಲಿ ಏನೇನು ಕಾಣುತ್ತದೆ, ಏನೇನು ಕಾಣುವುದಿಲ್ಲ? ಮೊದಲು ಬೇಸರದಿಂದ ನೋಡಿದವಳು ಕಡೆಗೆ ತಾನೇ ಕಂಡುಹಿಡಿದಳು, "ಅಜ್ಜ, ಫೋನಿಗೆ ವಯರೇ ಇಲ್ಲ!" ಮಾವನ ತೋಳು ಕೋಟಿನ ತೋಳಿನಿಂದ ಎರಡು ಬೆರಳಷ್ಟು ಹೊರಗೆ ಬಂದಿರುವುದನ್ನೂ ಅವಳೇ ತೋರಿಸಿದಳು. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತನ್ನ ಫೋನಿನಲ್ಲಿ ಅದರ ಚಿತ್ರ ತೆಗೆದು, "ಇದನ್ನು ಹಾಕ್ಲಾ? ಕೋಟಿನ ಕಥೆಯನ್ನೂ ಬರೀತೇನೆ" ಎಂದಳು. ಮಾವನ ಮಗಳನ್ನು ಕೇಳದೆ ಹಾಕುವುದು ಸರಿಯಲ್ಲವೆಂದೆ. ಠಾಣೆಯಲ್ಲಿರುವ ಅವಳಿಗೆ ಆಗಲೇ ಕರೆ ಮಾಡಿದೆವು. ಫೋಟೋ ಹಾಕಲಿ, ಅಪ್ಪನನ್ನು ನಾಲ್ಕು ಜನ ನೋಡಲಿ ಎಂದು ಸಂತೋಷಪಟ್ಟಳು. ಕೋಟಿನ ಮಾತು ಬಂದಾಗ ಸ್ವಲ್ಪ ತಡೆದು, "ಅದೊಂದನ್ನು ಬರೆಯುವುದು ಬೇಡ" ಎಂದಳು. ಮೊಮ್ಮಗಳು ಹಾಗೆಯೇ ಹಾಕಿದಳು.

ನಾನು ಬರೆಯುವುದನ್ನು ಆಕೆಯೂ ಓದುತ್ತಾಳೆ. ಮಾವ ತಮ್ಮ ಬಾಯಿಯಿಂದಲೇ ಹೇಳಿ ನಕ್ಕ ಮಾತಾದ್ದರಿಂದ ನಾನು ಬರೆದಿದ್ದೇನೆ. ಬೈಯುವುದಿದ್ದರೆ ಮೊಮ್ಮಗಳಿಗೆ ಬೇಡ, ನನಗೇ ಫೋನ್ ಮಾಡಲಿ.